ಕೀರ್ ಹಾರ್ಡಿ ಯಾರು? ಬ್ರಿಟನ್ನಿನ ಕಾರ್ಮಿಕರು ಅವರನ್ನು ಇಂದಿಗೂ ನೆನೆಯುವುದೇಕೆ?

ಬ್ರಿಟನ್ನಿನ ಲೇಬರ್ ಪಕ್ಷಕ್ಕೆ ಅಡಿಪಾಯ ಹಾಕಿದವರಲ್ಲಿ ಕೀರ್ ಹಾರ್ಡಿ ಪ್ರಮುಖರು. 1856ರಲ್ಲಿ ಸ್ಕಾಟ್‌ಲೆಂಡಿನ ಬಡ ಕುಟುಂಬದಲ್ಲಿ ಹುಟ್ಟಿ, ಹತ್ತನೆಯ ವಯಸ್ಸಿಗೇ ಕಲ್ಲಿದ್ದಲು ಗಣಿಗೆ ಇಳಿದರು. ಗಾಳಿಯಾಡಲೆಂದು ಇಟ್ಟ ಬಾಗಿಲನ್ನು ಕತ್ತಲಲ್ಲಿ ಕೂತು ತೆರೆದು ಮುಚ್ಚುವುದು ಆ ಹುಡುಗನ ಕೆಲಸ. ಗಣಿದೀಪದ ಹೊಗೆಗೆ ಹಿಡಿದು ಕಪ್ಪಾಗಿಸಿದ ಕಲ್ಲಿನ ಮೇಲೆ ಸೂಜಿಯಿಂದ ಗೀಚುತ್ತಾ ಶೀಘ್ರಲಿಪಿ ಕಲಿತರು! ಮುಂದೆ ಕಾರ್ಮಿಕ ಸಂಘ ಕಟ್ಟಲು ಹೊರಟಾಗ ಗಣಿ ಮಾಲೀಕರು ಅವರಿಗೆ ಎಲ್ಲೂ ಕೆಲಸ ಸಿಗದಂತೆ ಮಾಡಿದರು.

1892ರಲ್ಲಿ ವೆಸ್ಟ್ ಹ್ಯಾಮ್ ಸೌತ್ ಕ್ಷೇತ್ರದಿಂದ ಗೆದ್ದು ಸಂಸತ್ತಿಗೆ ಹೋದರು. ನನ್ನ ಮಟ್ಟಿಗೆ ಅವರ ನಿಜವಾದ ಎತ್ತರ ಕಾಣುವುದು 1894ರ ಜೂನ್‌ನಲ್ಲಿ. ವೇಲ್ಸ್‌ನ ಗಣಿ ಸ್ಫೋಟದಲ್ಲಿ 250ಕ್ಕೂ ಹೆಚ್ಚು ಜನ ಸತ್ತ ದಿನವೇ ರಾಜಮನೆತನದಲ್ಲಿ ರಾಜಕುಮಾರ ಹುಟ್ಟಿದ್ದ. ಸಂಸತ್ತು ಅಭಿನಂದನೆಗೆ ಸಜ್ಜಾಯಿತು. ಸತ್ತವರ ಮನೆಯವರಿಗೂ ಒಂದು ಸಾಂತ್ವನದ ಮಾತು ಸೇರಿಸಿ ಎಂದು ಹಾರ್ಡಿ ಕೇಳಿದರೆ ಒಪ್ಪಲಿಲ್ಲ. ಸದನದ ಗದ್ದಲದ ನಡುವೆಯೇ ಅವರು ರಾಜಮನೆತನವನ್ನು ಟೀಕಿಸಿದರು. ಮರುವರ್ಷ ಚುನಾವಣೆಯಲ್ಲಿ ಸೋತರು.

1900ರಲ್ಲಿ ಮರ್ಥರ್ ಟಿಡ್‌ಫಿಲ್‌ನಿಂದ ಮತ್ತೆ ಗೆದ್ದರು. 1906ರಲ್ಲಿ 29 ಸದಸ್ಯರ ಲೇಬರ್ ಗುಂಪಿಗೆ ಸಂಸತ್ತಿನಲ್ಲಿ ಮೊದಲ ನಾಯಕರಾದರು. 1907ರಲ್ಲಿ ಭಾರತಕ್ಕೂ ಬಂದು, ಭಾರತೀಯರ ಸ್ವಯಮಾಡಳಿತದ ಪರ ಮಾತನಾಡಿದರು. ಮೊದಲ ಮಹಾಯುದ್ಧವನ್ನು ವಿರೋಧಿಸುತ್ತಲೇ 1915ರಲ್ಲಿ ತೀರಿಕೊಂಡರು.