ಹಲಗೆಯ ಮೇಲೊಂದು ಘಾಟ್: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಡೊಂಬಿವಲಿಯ ನಾವು ಐದು ಮಂದಿ ಗೆಳೆಯರು ಸೇರಿ ಕಟ್ಟುತ್ತಿರುವ ಮಾದರಿ ರೈಲುಮಾರ್ಗದ ಬಗ್ಗೆ ಬರೆದಿದ್ದೆ. ಇಷ್ಟು ಪತ್ರಗಳು ಬಂದಾವೆಂದು ಎಣಿಸಿರಲಿಲ್ಲ. ಹೊಸ ಓದುಗರಿಗಾಗಿ ಒಂದು ಮಾತು: ನನ್ನ ಊರು ವಾಡಿ ಜಂಕ್ಷನ್. ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಕೆಲಸ ಮಾಡಿದೆ, ಅದರಲ್ಲಿ ಹನ್ನೊಂದು ವರ್ಷ ಕರ್ಜತ್ ಮತ್ತು ಲೋನಾವಳದ ನಡುವಿನ ಭೋರ್ ಘಾಟ್ ಬೆಟ್ಟದ ಮಾರ್ಗದಲ್ಲಿ. ನಿವೃತ್ತನಾದ ಮೇಲೂ ಕೈ ಹಳಿಯನ್ನು ಬಿಡಲಿಲ್ಲ.

*ನಾವು ಮೂವರು ಗೆಳೆಯರು. ಎಲ್ಲರದೂ ಒಂದು ಬೆಡ್‌ರೂಮಿನ ಫ್ಲ್ಯಾಟ್. ರೈಲುಮಾರ್ಗಕ್ಕೆ ಬೇಕಾದ ಕೋಣೆಯನ್ನು ಎಲ್ಲಿಂದ ತರೋಣ?*
— ಓದುಗರು, ಐರೋಲಿ

ಕೋಣೆ ಹುಡುಕಬೇಡಿ. ಈ ಊರಿನಲ್ಲಿ ಕೋಣೆ ಸಿಗಲಿ ಎಂದು ಕಾದರೆ ರೈಲು ಹೊರಡುವುದೇ ಇಲ್ಲ. ತುಂಡು ತುಂಡಾಗಿ ಕಟ್ಟಿ. ಒಬ್ಬೊಬ್ಬರು ಒಂದೊಂದು ಹಲಗೆಯನ್ನು ತಮ್ಮ ಮನೆಯಲ್ಲೇ ಕಟ್ಟಿ, ಭಾನುವಾರ ಒಂದು ಕಡೆ ತಂದು ಜೋಡಿಸಿ. ನಮ್ಮ ಹಲಗೆಗಳು 120 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ ಇವೆ. ನಮ್ಮ ಐವರ ಕಟ್ಟಡಗಳಲ್ಲಿ ಯಾವ ಲಿಫ್ಟ್ ಎಲ್ಲಕ್ಕಿಂತ ಚಿಕ್ಕದೋ ಅದನ್ನು ಅಳೆದು ಈ ಅಳತೆಗೆ ಬಂದೆವು. ನೀವೂ ಮೊದಲು ನಿಮ್ಮ ಲಿಫ್ಟ್ ಅಳೆಯಿರಿ.

ಇನ್ನು ಮುಖ್ಯವಾದ ಮಾತು. ಮೊದಲ ವರ್ಷ ನಾವು ಎಲ್ಲವನ್ನೂ ಸೇರಿ ತೀರ್ಮಾನಿಸಲು ಹೊರಟೆವು. ಮಣ್ಣಿನ ಬಣ್ಣ ಯಾವುದಿರಬೇಕು ಎಂಬ ಒಂದೇ ವಿಷಯಕ್ಕೆ ಎರಡು ತಿಂಗಳು ಹೋಯಿತು. ಕಾರವಾರದ ಗೆಳೆಯರಿಗೆ ಕೆಂಪು ಮುರಕಲ್ಲೇ ಆಗಬೇಕು, ನನಗೆ ನಮ್ಮ ಕಡೆಯ ಶಹಾಬಾದಿ ಹಾಸುಗಲ್ಲು ಬೇಕು. ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಕೊನೆಗೆ ಬಡಗಿ ಕೆಲಸ ಬಲ್ಲ ಗೆಳೆಯರು ಒಂದು ಸಂಜೆ ಎದ್ದು ನಿಂತು, "ಅಂಚು ಮಾತ್ರ ಎಲ್ಲರದು, ನಡುವಿನದು ಅವರವರದು" ಎಂದು ಹೇಳಿಬಿಟ್ಟರು. ಅಂದಿನಿಂದ ಕೆಲಸ ಓಡತೊಡಗಿತು.

ಅಂಚಿನಲ್ಲಿ ಒಪ್ಪಬೇಕಾದದ್ದು ನಾಲ್ಕೇ ಸಂಗತಿ: ನೆಲದಿಂದ ಹಳಿಯ ಎತ್ತರ, ಹಲಗೆಯ ಮುಂದಿನ ಅಂಚಿನಿಂದ ಹಳಿಗೆ ಇರುವ ದೂರ, ಕೊನೆಯ 15 ಸೆಂಟಿಮೀಟರ್ ಹಳಿ ನೇರವಾಗಿ ಸಮತಟ್ಟಾಗಿ ಇರಬೇಕೆಂಬುದು, ಮತ್ತು ತಂತಿಯ ಪ್ಲಗ್. ಹಲಗೆಯ ತುದಿಗೆ ಬಡಿಯುವ ಪಟ್ಟಿಗಳನ್ನು ಒಬ್ಬೊಬ್ಬರು ಬೇರೆ ಬೇರೆಯಾಗಿ ಕೊರೆಯಬೇಡಿ. ನಾವು 18 ಮಿಲಿಮೀಟರ್ ಪ್ಲೈವುಡ್ಡಿನ ಹತ್ತು ಪಟ್ಟಿಗಳನ್ನು ಎರಡೆರಡಾಗಿ ಕ್ಲ್ಯಾಂಪಿನಲ್ಲಿ ಬಿಗಿದು, ಒಂದೇ ಅಚ್ಚು ಹಲಗೆಯನ್ನು ಮೇಲಿಟ್ಟು ಬೋಲ್ಟಿನ ತೂತು ಕೊರೆದೆವು. ಒಂದು ಮಿಲಿಮೀಟರ್ ಹೆಚ್ಚು ಕಡಿಮೆಯಾದರೂ ಗಾಲಿ ಅಲ್ಲಿ ಹಾರುತ್ತದೆ. ಈ ವಿಷಯದಲ್ಲಿ ಯಾರ ಮುಲಾಜೂ ನೋಡಬೇಡಿ. ಆ ಅಚ್ಚು ಹಲಗೆಯನ್ನು ನಾನು ಇಂದಿಗೂ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದೇನೆ.

*ಗುಂಪಿನಿಂದ ಒಬ್ಬರು ಊರು ಬಿಟ್ಟು ಹೋದರೆ ಸಾಮಾನಿನ ಲೆಕ್ಕ ಹೇಗೆ? ನಮ್ಮಲ್ಲಿ ಇದೇ ಮಾತಿಗೆ ಮನಸ್ತಾಪ ಬಂದಿದೆ.*
— ಓದುಗರು, ಗೋರೆಗಾಂವ್

ಹಲಗೆ ಕಟ್ಟಿದವರದು, ಎಂಜಿನ್ ಕೊಂಡವರದು. ಕಂಟ್ರೋಲರ್, ಮುಖ್ಯ ತಂತಿ, ಕಾಲುಗಳು, ಬೋಲ್ಟು ಇವಿಷ್ಟೇ ಎಲ್ಲರದು. ಇವುಗಳ ಖರ್ಚನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಹೋಗುವವರಿಗೆ ಅವರ ಪಾಲನ್ನು ಕೊಟ್ಟುಬಿಡಿ. ಹಣ ಕಡಿಮೆಯೆಂದು ಬಾಯಿಮಾತಿನಲ್ಲಿ ಬಿಟ್ಟರೆ ಸ್ನೇಹಕ್ಕೇ ಪೆಟ್ಟು.

ನಮ್ಮಲ್ಲಿ ಕ್ಯಾಸಲ್ ರಾಕ್ ನಿಲ್ದಾಣ ಕಟ್ಟಿದ ಗೆಳೆಯರು ಮಗನ ಜೊತೆ ಇರಲು ಹುಬ್ಬಳ್ಳಿಗೆ ಹೋದರು. ಹಲಗೆಯನ್ನು ಹೊದಿಕೆಯಲ್ಲಿ ಸುತ್ತಿ ಕೊಂಡೊಯ್ದರು. ಅದರ ಎರಡು ಬದಿಯ ಹಲಗೆಗಳು ಆ ಭಾನುವಾರವೇ ಒಂದಕ್ಕೊಂದು ಸೇರಿಕೊಂಡವು, ಮಾರ್ಗ ನಿಲ್ಲಲಿಲ್ಲ. ಎರಡು ವರ್ಷ ಕಳೆದು ದೀಪಾವಳಿಗೆ ಅವರು ಹಲಗೆಯೊಂದಿಗೆ ಬಂದಾಗ ನಾನು ಕಟ್ಟಿದ ವಾಡಿ ನಿಲ್ದಾಣದ ಹಲಗೆಯ ಪಕ್ಕದಲ್ಲಿಟ್ಟು ಬೋಲ್ಟ್ ತೂರಿಸಿದೆ. ಸುತ್ತಿಗೆ ಬೇಕಾಗಲಿಲ್ಲ, ಬೆರಳಿನಲ್ಲೇ ಹೋಯಿತು. ಭೂಪಟದಲ್ಲಿ ವಾಡಿ ಎಲ್ಲಿ, ಕ್ಯಾಸಲ್ ರಾಕ್ ಎಲ್ಲಿ! ಆದರೆ ಅಂದು ನಾಲ್ಕು ಡಬ್ಬಿಯ ಗಾಡಿ ಅದರಿಂದ ಇದಕ್ಕೆ ಅಲುಗಾಡದೆ ದಾಟಿತು. ಅವರು ಬಹಳ ಹೊತ್ತು ಮಾತಾಡಲಿಲ್ಲ.

*ಹನ್ನೆರಡು ಅಡಿಯ ಗೋಡೆಯೊಂದಿದೆ. ಅಷ್ಟರಲ್ಲಿ ಭೋರ್ ಘಾಟ್ ತೋರಿಸಲು ಸಾಧ್ಯವೇ? ಎಂಜಿನ್ ಏರಿನಲ್ಲಿ ಜಾರುತ್ತದೆ ಎನ್ನುತ್ತಾರೆ.*
— ಓದುಗರು, ಕಲ್ಯಾಣ್

ಸಾಧ್ಯ, ಮತ್ತು ಅದಕ್ಕೆ ಬೇಕಾದ ಉಪಾಯವನ್ನು ಘಾಟ್ ಕಟ್ಟಿದ ಇಂಜಿನಿಯರುಗಳೇ ನಿಮಗೆ ಕೊಟ್ಟು ಹೋಗಿದ್ದಾರೆ. 1863ರಲ್ಲಿ ಭೋರ್ ಘಾಟ್ ಮಾರ್ಗ ತೆರೆದಾಗ ಅಲ್ಲೊಂದು ರಿವರ್ಸಿಂಗ್ ಸ್ಟೇಷನ್ ಇತ್ತು. ಗಾಡಿ ಏರಿ ಬಂದು ಅಲ್ಲಿ ನಿಲ್ಲುತ್ತಿತ್ತು. ಎಂಜಿನ್ ಬಿಚ್ಚಿಕೊಂಡು ಇನ್ನೊಂದು ತುದಿಗೆ ಹೋಗುತ್ತಿತ್ತು. ಆಮೇಲೆ ಗಾಡಿ ಹಿಂದುಮುಂದಾಗಿ ಮುಂದಿನ ಏರು ಹಿಡಿಯುತ್ತಿತ್ತು. ಬೆಟ್ಟದಲ್ಲಿ ತಿರುವಿಗೆ ಜಾಗವಿಲ್ಲದ ಕಡೆ ಇಂಗ್ಲಿಷ್ ವಿ ಅಕ್ಷರದಂತೆ ಮಾರ್ಗ ಬಳಸಿದ ಜಾಣತನ ಅದು. 1929ರಲ್ಲಿ ಹೊಸ ಮಾರ್ಗ ಬಂದು ಆ ನಿಲ್ದಾಣ ಬಳಕೆ ತಪ್ಪಿತು. ಬೆಟ್ಟದಲ್ಲಿ ಇಲ್ಲದ ತಿರುವಿನ ಜಾಗ ನಿಮ್ಮ ಗೋಡೆಯ ಬಳಿಯೂ ಇಲ್ಲ. ಆದ್ದರಿಂದ ಎರಡು ಹಲಗೆಯಲ್ಲಿ ಏರು, ಮೂರನೆಯದರಲ್ಲಿ ಸಮತಟ್ಟಾದ ರಿವರ್ಸಿಂಗ್ ಸ್ಟೇಷನ್, ಅಲ್ಲಿಂದ ಅದೇ ಎರಡು ಹಲಗೆಗಳ ಹಿಂಬದಿಯಲ್ಲಿ ವಾಪಸು ಏರು. ನಿಲ್ದಾಣದಲ್ಲಿ ಎಂಜಿನ್ ಸುತ್ತಿಬರಲು ಎರಡು ಪಾಯಿಂಟ್ಸ್ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆ) ಮತ್ತು ಒಂದು ಪಕ್ಕದ ಹಳಿ ಸಾಕು. ದುಂಡಗೆ ತಿರುಗಿಸಿ ಅದೇ ಹಳಿಗೆ ತಂದು ಕೂಡಿಸುವ ಮಾರ್ಗದಲ್ಲಿ ಎಡ ಹಳಿ ಬಲ ಹಳಿಗೆ ತಾಗಿ ಶಾರ್ಟ್ ಆಗುತ್ತದೆ, ಇಲ್ಲಿ ಆ ತೊಂದರೆಯೂ ಇಲ್ಲ.

ನಿಜವಾದ ಘಾಟ್‌ನಲ್ಲಿ ಏರು 37ಕ್ಕೆ 1. ಅಂದರೆ ನಿಮ್ಮ ಹಲಗೆಯಲ್ಲಿ 37 ಸೆಂಟಿಮೀಟರ್ ಹೋದಾಗ ಒಂದು ಸೆಂಟಿಮೀಟರ್ ಏರಬೇಕು. ಹಾಗೆಯೇ ಇಡಿ, ಕಡಿಮೆ ಮಾಡಬೇಡಿ. ಎಂಜಿನ್ ಜಾರುತ್ತದೆ ಎಂಬುದು ನಿಜ. ನಮ್ಮದು ಮೂರು ಡಬ್ಬಿ ಎಳೆಯಿತು, ನಾಲ್ಕನೆಯದಕ್ಕೆ ಗಾಲಿ ನಿಂತಲ್ಲೇ ತಿರುಗತೊಡಗಿತು. ಕರ್ಜತ್‌ನಲ್ಲಿ ಮಾಡುವುದನ್ನೇ ನಾವೂ ಮಾಡಿದೆವು: ಹಿಂದೆ ಬ್ಯಾಂಕರ್ ಎಂಜಿನ್, ಅಂದರೆ ಏರಿನಲ್ಲಿ ಹಿಂದಿನಿಂದ ನೂಕುವ ಎಂಜಿನ್, ಹಚ್ಚಿದೆವು. ಮೊದಲ ಸಲ ತಿರುವಿನಲ್ಲಿ ಮೂರನೆಯ ಡಬ್ಬಿ ಬಿತ್ತು. ಎರಡನೆಯ ಸಲ ನಾನು ನೆಲಕ್ಕೆ ಮೊಣಕಾಲೂರಿ, ಕಣ್ಣನ್ನು ಹಳಿಯ ಮಟ್ಟಕ್ಕೆ ತಂದು ಟಾರ್ಚ್ ಬಿಟ್ಟು ನೋಡಿದೆ. ಹಿಂದಿನ ಎಂಜಿನ್ ಮುಂದಿನದಕ್ಕಿಂತ ಕೂದಲೆಳೆಯಷ್ಟು ವೇಗವಾಗಿ ನೂಕುತ್ತಿತ್ತು. ಕೊಂಡಿಗಳು ಒಂದರ ಮೇಲೊಂದು ಒತ್ತಿಕೊಂಡವು, ಡಬ್ಬಿ ಹೊರಗಿನ ಹಳಿಯ ಕಡೆಗೆ ವಾಲಿತು, ಗಾಲಿಯ ಅಂಚು ಹಳಿಯ ತಲೆಯ ಮೇಲೆ ಹತ್ತಿ ಒಂದು ಗೇಣು ಹಾಗೆಯೇ ಜಾರಿ ಕೆಳಗುರುಳಿತು. ಘಾಟ್‌ನಲ್ಲಿ ಇದ್ದಷ್ಟು ಕಾಲ ನಾನು ಹಳಿ ಅಳೆಯುತ್ತ ನಡೆದದ್ದು ಈ ಗಳಿಗೆ ಬರದಿರಲೆಂದೇ. ಅದನ್ನು ಅಷ್ಟು ಹತ್ತಿರದಿಂದ ಕಂಡದ್ದು ಅಂದೇ ಮೊದಲು.

ಪರಿಹಾರ ಸುಲಭ. ಎರಡು ಎಂಜಿನ್‌ಗಳನ್ನು ಬೇರೆ ಬೇರೆಯಾಗಿ ಓಡಿಸಿ ಗಡಿಯಾರ ಹಿಡಿಯಿರಿ. ತುಸು ವೇಗದ್ದು ಮುಂದೆ, ನಿಧಾನದ್ದು ಹಿಂದೆ. ಆಗ ಕೊಂಡಿಗಳು ಬಿಗಿಯಾಗಿಯೇ ಇರುತ್ತವೆ. ಪ್ರತಿ ಎಂಜಿನ್ನಿಗೂ ಬೇರೆ ಬೇರೆಯಾಗಿ ಆಜ್ಞೆ ಕಳಿಸುವ ಡಿಸಿಸಿ ಎಂಬ ಡಿಜಿಟಲ್ ಕಂಟ್ರೋಲರ್ ಇದ್ದರೆ ಎರಡರ ವೇಗವನ್ನೂ ಸರಿಹೊಂದಿಸಬಹುದು.

*ಮಳೆಗಾಲದಲ್ಲಿ ಗಾಡಿ ತಡೆತಡೆದು ಓಡುತ್ತದೆ.*
— ಓದುಗರು, ಠಾಣೆ

ಎರಡು ಕಾರಣ. ಒಂದು, ಹಳಿಯ ಮೇಲೆ ಕೂರುವ ಕಪ್ಪು ಕೊಳೆ. ಮರಳುಕಾಗದ ಮುಟ್ಟಿಸಬೇಡಿ. ಗೀರು ಬಿದ್ದರೆ ಕೊಳೆ ಅಲ್ಲೇ ಮನೆ ಮಾಡುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹಳೆಯ ಹತ್ತಿ ಬಟ್ಟೆ ಅದ್ದಿ ಒರೆಸಿ, ಎಂಜಿನ್ ಗಾಲಿಯನ್ನೂ ಒರೆಸಿ. ಎರಡು, ಹಳಿ ತುಂಡುಗಳನ್ನು ಕೂಡಿಸುವ ಫಿಶ್‌ಪ್ಲೇಟ್ ಕರೆಂಟ್ ದಾಟಿಸುತ್ತದೆಂದು ನಂಬಿ ಕೂರುವುದು. ದೊಡ್ಡ ರೈಲುಮಾರ್ಗದಲ್ಲೇ ಟ್ರ್ಯಾಕ್ ಸರ್ಕಿಟ್ (ಗಾಡಿ ಇದೆಯೇ ಎಂದು ತಿಳಿಯಲು ಹಳಿಯಲ್ಲಿ ಹರಿಸುವ ಕರೆಂಟು) ಇರುವಲ್ಲಿ ಫಿಶ್‌ಪ್ಲೇಟನ್ನು ನಂಬದೆ ಬಾಂಡ್ ತಂತಿ ಹಾಕುತ್ತಾರೆ. ನೀವೂ ಹಳಿಯ ಪ್ರತಿ ತುಂಡಿಗೂ ಬೇರೆ ತಂತಿ ಬೆಸೆಯಿರಿ. ತಂತಿಗೆ ಮುಂಬೈಯ ಲೋಹಾರ್ ಚಾಲ್ ಪೇಟೆ, ಸ್ವಿಚ್ಚು ಮತ್ತು ಬಿಡಿಭಾಗಗಳಿಗೆ ಅಲ್ಲಿಯ ಲ್ಯಾಮಿಂಗ್ಟನ್ ರೋಡ್.

ಪ್ಲೈವುಡ್ ಉಬ್ಬದಿರಲು ಹಳಿ ಹಾಕುವ ಮೊದಲೇ ಎಲ್ಲ ಮುಖಕ್ಕೂ ವಾರ್ನಿಶ್ ಕೊಡಿ, ಕೊಯ್ದ ಅಂಚುಗಳಿಗೆ ಎರಡು ಸಲ. ಹಳಿ ತುಂಡುಗಳ ನಡುವೆ ಪೋಸ್ಟ್‌ಕಾರ್ಡಿನ ದಪ್ಪದಷ್ಟು ಸಂದು ಬಿಡಿ. ನೌಕರಿಯಲ್ಲಿ ನಾನು ಬಿಸಿಲಿಗೆ ಹಿಗ್ಗುವ ಉಕ್ಕಿಗಾಗಿ ಸಂದು ಬಿಡುತ್ತಿದ್ದೆ. ಮನೆಯೊಳಗೆ ಉಕ್ಕಿಗಿಂತ ಮರದ್ದೇ ಕಾಟ: ಮಳೆಗಾಲದಲ್ಲಿ ಹಿಗ್ಗಿ ಚಳಿಗಾಲದಲ್ಲಿ ಕುಗ್ಗುತ್ತದೆ, ಸಂದು ಇಲ್ಲದಿದ್ದರೆ ಹಳಿ ಬಾಗುತ್ತದೆ.

*ನಮ್ಮ ದೇಶದ ಡಬ್ಬಿಯ ಮಾದರಿಯನ್ನು ಹಳಿಯ ಮೇಲಿಟ್ಟರೆ ಹಳಿ ಕಿರಿದಾಗಿ ಕಾಣುತ್ತದೆ. ಕಣ್ಣಿನ ಭ್ರಮೆಯೇ?*
— ಓದುಗರು, ಪುಣೆ

ಭ್ರಮೆಯಲ್ಲ. ಎಚ್‌ಒ ಪ್ರಮಾಣದಲ್ಲಿ ಎಲ್ಲವೂ 87ರಲ್ಲಿ ಒಂದು ಪಾಲು. ಅಂಗಡಿಯಲ್ಲಿ ಸಿಗುವ 16.5 ಮಿಲಿಮೀಟರ್ ಹಳಿ ಹೊರದೇಶಗಳ 1435 ಮಿಲಿಮೀಟರ್ ಗೇಜಿನದು. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್, ಅದಕ್ಕೆ 19 ಮಿಲಿಮೀಟರಿಗಿಂತ ತುಸು ಹೆಚ್ಚು ಬೇಕು. ನಾವು ಸಿಕ್ಕ ಹಳಿಯಲ್ಲೇ ಓಡಿಸುತ್ತೇವೆ. ನೀವು ಪುಣೆಯಲ್ಲೇ ಇದ್ದೀರಿ, ಕೋಥ್ರೂಡ್ ಕಡೆಯ ಜೋಶಿಯವರ ಚಿಕಣಿ ರೈಲು ವಸ್ತುಸಂಗ್ರಹಾಲಯವನ್ನು ಒಮ್ಮೆ ನೋಡಿ ಬನ್ನಿ.

*ನನಗೆ 58 ವರ್ಷ. ನಿಮ್ಮಂಥ ಗುಂಪಿಗೆ ಸೇರುವ ಆಸೆ ಇದೆ. ಆದರೆ ನನಗೆ ಬರುವುದು ಕಸೂತಿ ಮಾತ್ರ, ಕರೆಂಟು, ಗರಗಸ ಒಂದೂ ತಿಳಿಯದು.*
— ಧಾರವಾಡ ಮೂಲದ ಗೃಹಿಣಿ, ಮುಲುಂಡ್

ಖಂಡಿತ ಬನ್ನಿ, ತಂಗೀ. ನಮ್ಮಲ್ಲಿ ಯಾರ ಕೈಯಲ್ಲೂ ಆಗದೆ ಆರು ತಿಂಗಳಿನಿಂದ ನಿಂತಿರುವ ಕೆಲಸವೊಂದಿದೆ: ಹಳಿಯ ಮೇಲಿನ ವಿದ್ಯುತ್ ತಂತಿ. ನೇರ ಮಾರ್ಗದಲ್ಲಿ ಎರಡು ಕಂಬಗಳ ನಡುವೆ ಹೆಚ್ಚೆಂದರೆ 72 ಮೀಟರ್ ಇರುತ್ತದೆ, ನಮ್ಮ ಹಲಗೆಯಲ್ಲಿ ಅದು 83 ಸೆಂಟಿಮೀಟರ್ ಆಗುತ್ತದೆ. ಅಷ್ಟು ಉದ್ದಕ್ಕೆ ಮೇಲೊಂದು ತಂತಿ ಜೋಲಿಯಾಗಿ, ಕೆಳಗೊಂದು ನೇರವಾಗಿ ಹೋಗಬೇಕು. ನಡುವೆ ಹತ್ತು ಸೆಂಟಿಮೀಟರಿಗೊಂದರಂತೆ ಕೂದಲಿನಂಥ ತಂತಿಗಳು ಕೆಳಗಿನದನ್ನು ಹಿಡಿದಿರಬೇಕು. ನಾವು ಕಟ್ಟಿದ್ದೆಲ್ಲ ಗಂಟುಗಂಟಾಯಿತು. ಎಳೆ ಎಣಿಸಿ, ಗಂಟು ಹಾಕದೆ, ಎರಡೂ ಬದಿ ಒಂದೇ ರೀತಿ ಕಾಣುವಂತೆ ಗವಂತಿ ಹೊಲಿಗೆ ಹಾಕಿದ ಕೈಗೆ ಇದು ಒಗ್ಗುತ್ತದೆ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ಕರೆಂಟಿನ ಮಾತು ನಮಗೆ ಬಿಡಿ, ಆ ತಂತಿಯಲ್ಲಿ ನಾವು ಕರೆಂಟ್ ಹರಿಸುವುದೇ ಇಲ್ಲ.

ಪತ್ರಿಕೆಯ ಕಚೇರಿಗೆ ಒಂದು ಸಾಲು ಬರೆದರೆ ಗುರುತು ವಿಳಾಸ ಕಳುಹಿಸುತ್ತೇನೆ. ನಾವು ಸೇರುವುದು ಭಾನುವಾರ ಹತ್ತು ಗಂಟೆಗೆ. ಮೆಗಾಬ್ಲಾಕ್ (ಹಳಿ ದುರಸ್ತಿಗಾಗಿ ಲೋಕಲ್ ಗಾಡಿಗಳನ್ನು ತಡೆಯುವುದು) ಇದೆಯೇ ನೋಡಿಕೊಂಡು ಹೊರಡಿ. ತಂತಿ ನಮ್ಮಲ್ಲಿದೆ, ಇಕ್ಕಳವೂ ಇದೆ. ಸೂಜಿ ಮಾತ್ರ ನಿಮ್ಮ ಕೈಗೆ ಪಳಗಿದ್ದನ್ನೇ ತನ್ನಿ.