ಡನ್ ವಾಕೆ ನೀರಿನಲ್ಲಿ ಒಡೆಯುತ್ತಿದ್ದರೆ

ಡನ್ ವಾಕೆ, ಅಂದರೆ ನೈಜೀರಿಯಾದ ಹೌಸಾ ಜನರ ಅಲಸಂದೆ ಹಿಟ್ಟಿನ ಉಂಡೆ, ಕುದಿಯುವ ನೀರಿಗೆ ಹಾಕಿದ ತಕ್ಷಣ ಕರಗಿಹೋಗುತ್ತದೆ, ಕೂಕಾ ಪುಡಿ ಬಿಟ್ಟರೆ ನಡೆಯುತ್ತಾ ಅಂತ ಕೇಳಿದ್ದೀರಿ. ಕೂಕಾ ಬಿಟ್ಟಿದ್ದೇ ತೊಂದರೆ ಅನಿಸುತ್ತದೆ. ಅದು ಬಾವೊಬಾಬ್ ಮರದ ಎಲೆಯ ಪುಡಿ. ಸವಣೂರಿನ ದೊಡ್ಡಹುಣಸೆ ಮರ ನೋಡಿದ್ದೀರಾ? ಅದೇ ಜಾತಿ. ನೀರು ಬಿದ್ದರೆ ಲೋಳೆಯಾಗಿ ಹಿಟ್ಟನ್ನು ಹಿಡಿದಿಡುತ್ತದೆ. ಉಂಡೆಗೆ ಆ ಹಸಿರು ಛಾಯೆ ಬರುವುದೂ ಅದರಿಂದಲೇ. ಸಿಗದಿದ್ದರೆ ಸ್ವಲ್ಪ ಗೋಧಿ ಹಿಟ್ಟು ಬೆರೆಸಿ. ಉಂಡೆ ನಿಲ್ಲುತ್ತದೆ, ರುಚಿ ಮಾತ್ರ ಬೇರೆ.

ಉತ್ತರ ನೈಜೀರಿಯಾದ ಹೌಸಾ ಮನೆಗಳಲ್ಲಿ ಇದಕ್ಕೆ ಕನ್ವಾ ಅನ್ನುವ ಕ್ಷಾರದ ಕಲ್ಲನ್ನು ನೆನೆಸಿ, ಸೋಸಿದ ನೀರು ಹಾಕುತ್ತಾರೆ. ನಿಮಗೆ ಒಂದು ಚಿಟಿಕೆ ಅಡುಗೆ ಸೋಡಾ ಸಾಕು. ಜಾಸ್ತಿ ಹಾಕಿದರೆ ಸೋಪಿನ ರುಚಿ ಬರುತ್ತದೆ.

ಹಿಟ್ಟು ಬೋಂಡಾ ಹಿಟ್ಟಿಗಿಂತ ತುಸು ಗಟ್ಟಿ ಇರಲಿ. ನೀರು ಚೆನ್ನಾಗಿ ಕುದಿಯುವಾಗಲೇ ಕೈಯಿಂದ ಸಣ್ಣ ಸಣ್ಣದಾಗಿ ಬಿಡಿ. ಪಾತ್ರೆ ದೊಡ್ಡದಿರಲಿ, ನೊರೆ ಉಕ್ಕಿ ಒಲೆಯೆಲ್ಲಾ ಹಾಳಾಗುತ್ತದೆ! ಉಂಡೆ ತೇಲಿದ ಕೂಡಲೇ ತೆಗೆಯಬೇಡಿ, ಒಂದನ್ನು ಮುರಿದು ನೋಡಿ. ನಡುವೆ ಹಸಿ ಹಿಟ್ಟು ಕಾಣಬಾರದು. ತೆಗೆದು ತಣ್ಣೀರಿಗೆ ಹಾಕಿದರೆ ಒಂದಕ್ಕೊಂದು ಅಂಟುವುದಿಲ್ಲ.

ಮೇಲೆ ಕಡಲೆಕಾಯಿ ಎಣ್ಣೆ, ಯಾಜಿ ಖಾರದ ಪುಡಿ, ಹಸಿ ಈರುಳ್ಳಿ, ಟೊಮೆಟೊ. ಬೇಯಿಸಿದ ಮೊಟ್ಟೆಯೂ ಇದ್ದರೆ ಇನ್ನೂ ಚೆಂದ. ಎಣ್ಣೆಯಲ್ಲಿ ಮಾತ್ರ ಜಿಪುಣತನ ಬೇಡ, ಇಲ್ಲದಿದ್ದರೆ ಸುಮ್ನೆ ಒಣ ಒಣ ಅನಿಸುತ್ತದೆ.