ಬೋಟಿನ ಡೀಸೆಲ್ ಎಂಜಿನ್ ಚೆನ್ನಾಗಿ ಸ್ಟಾರ್ಟ್ ಆಗಿ, ಸ್ವಲ್ಪ ಹೊತ್ತಿಗೆ ಎಳೆತ ಕಳೆದುಕೊಂಡು ನಿಲ್ಲುತ್ತದೆ. ಎಲ್ಲಿ ನೋಡಬೇಕು?

ಸುಮ್ನೆ ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ಬಿಚ್ಚಲು ಹೋಗಬೇಡಿ. ಈ ಲಕ್ಷಣಕ್ಕೆ ಹೆಚ್ಚಿನ ಸಲ ಕಾರಣ ಒಂದೇ: ಎಂಜಿನ್‌ಗೆ ಸಾಕಷ್ಟು ಡೀಸೆಲ್ ತಲುಪುತ್ತಿಲ್ಲ.

ಮೊದಲು ನೀರು ಬೇರ್ಪಡಿಸುವ ಫಿಲ್ಟರಿನ ಬಟ್ಟಲು ನೋಡಿ. ತಳದಲ್ಲಿ ನೀರು, ಕಪ್ಪು ಲೋಳೆ ಇದ್ದರೆ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದಿರುವ ಸಾಧ್ಯತೆ ಜಾಸ್ತಿ. ಆಗ ಫಿಲ್ಟರ್ ಬದಲಿಸಿದರೆ ಸಾಲದು, ಟ್ಯಾಂಕನ್ನೇ ತೊಳೆಯಬೇಕು. ಅಲೆಗೆ ಬೋಟ್ ಕುಲುಕಿದಾಗ ತಳದ ಕೊಳೆ ಎದ್ದು ಪೈಪಿನ ಬಾಯಿ ಮುಚ್ಚುತ್ತದೆ. ದಡದಲ್ಲಿ ಸರಿಯಿದ್ದ ಎಂಜಿನ್ ನೀರಿನ ನಡುವೆ ಕೈಕೊಡುವುದು ಇದಕ್ಕೇ.

ಎಂಜಿನ್ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆರೆಯಿರಿ. ಗಾಳಿ ಒಳಗೆ ನುಗ್ಗಿದ ಸದ್ದು ಬಂದರೆ ಟ್ಯಾಂಕಿಗೆ ಗಾಳಿ ಬಿಡುವ ವೆಂಟ್ ಪೈಪ್ ಕಟ್ಟಿಕೊಂಡಿದೆ. ಇನ್ನೂ ಅನುಮಾನವೇ? ಒಂದು ಕ್ಯಾನಿನಲ್ಲಿ ಶುದ್ಧ ಡೀಸೆಲ್ ಇಟ್ಟು, ಎಂಜಿನ್‌ಗೆ ಡೀಸೆಲ್ ಎಳೆಯುವ ಪೈಪನ್ನೂ ಉಳಿದ ಡೀಸೆಲ್ ವಾಪಸ್ ತರುವ ರಿಟರ್ನ್ ಪೈಪನ್ನೂ ಅದಕ್ಕೇ ಬಿಟ್ಟು ಓಡಿಸಿ. ನಿಲ್ಲದೆ ಓಡಿದರೆ ದೋಷ ಟ್ಯಾಂಕಿನ ಕಡೆಯದು.

ಪೈಪಿನ ಜೋಡಣೆ ಸಡಿಲವಾಗಿದ್ದರೆ ಡೀಸೆಲ್ ಸೋರದೆಯೂ ಗಾಳಿ ಒಳಗೆ ಸೇರಬಹುದು. ಫಿಲ್ಟರ್ ಬದಲಿಸಿದ ಮೇಲೆ, ಒಳಗಿನ ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವ ತನಕ ಹ್ಯಾಂಡ್ ಪಂಪ್ ಒತ್ತಿ.

ಕಪ್ಪು ಹೊಗೆಯೂ ಇದ್ದರೆ ಏರ್ ಫಿಲ್ಟರ್ ನೋಡಿ, ಪ್ರೊಪೆಲ್ಲರಿಗೆ ಹಗ್ಗ ಸುತ್ತಿದೆಯಾ ಅಂತಲೂ ನೋಡಿ.

ಎಂಜಿನ್ ಹಿಡಿಯದಿದ್ದಾಗ ಸ್ಟಾರ್ಟರ್ ಒತ್ತುತ್ತಲೇ ಇರಬೇಡಿ. ತಂಪಿಸುವ ನೀರು ಸೈಲೆನ್ಸರಿನಲ್ಲಿ ತುಂಬಿ ಸಿಲಿಂಡರಿಗೆ ನುಗ್ಗಬಹುದು. ಹೆಚ್ಚು ಹೊತ್ತು ಪ್ರಯತ್ನಿಸುವುದಾದರೆ ಆ ನೀರು ಒಳಬರುವ ವಾಲ್ವ್ ಮುಚ್ಚಿ, ಎಂಜಿನ್ ಹಿಡಿದ ತಕ್ಷಣ ತೆರೆಯಿರಿ.